ಹಿತ್ತಿಲಿಗೆ ಸೂರ್ಯಶಕ್ತಿಯ ದೀಪ

ನವಲಿ ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ ಹಿತ್ತಿಲೆಂಬುದು ಬರಿಯ ಬಯಲಲ್ಲ. ದನದ ಕೊಟ್ಟಿಗೆ, ಹುಲ್ಲಿನ ಬಣವೆ, ಕುಳ್ಳಿನ ರಾಶಿ, ಬಚ್ಚಲು ಇವೆಲ್ಲವೂ ಸಾಮಾನ್ಯವಾಗಿ ಅಲ್ಲಿಯೇ ಇರುವುವು. ಆಕಳು ರಾತ್ರಿಯಲ್ಲಿ ಈಯುವಾಗಲೂ, ಹೆಂಗಸರು ಮಕ್ಕಳು ಹೊರಕ್ಕೆ ಹೋಗಬೇಕಾದಾಗಲೂ ಕತ್ತಲಲ್ಲಿಯೇ ಕಾಲಿಡಬೇಕಾಗುವುದುಂಟು. ಬಣವೆಯ ಬುಡಕ್ಕೆ ಇಲಿಗಳು ಸೇರುವುವು. ಇಲಿಗಳನ್ನರಸಿ ಹಾವುಗಳು ಬರುವುವು. ಕಟ್ಟುಹಾವಂತೂ ಮುಖ್ಯವಾಗಿ ರಾತ್ರಿಯಲ್ಲಿ ಸಂಚರಿಸತಕ್ಕ ಜಾತಿಯದು. ಹಾವು ಕಡಿತದ ಪ್ರಕರಣಗಳನ್ನು ತಪ್ಪದೆ ವರದಿ ಮಾಡತಕ್ಕದ್ದೆಂದು ಕರ್ನಾಟಕ ಸರ್ಕಾರವು 2024ರಲ್ಲಿ ವಿಧಿಸಿರುವುದರಿಂದ ಈ ಅಪಾಯವು ಎಷ್ಟು ದೊಡ್ಡದೆಂಬುದನ್ನು ಊಹಿಸಬಹುದು. ವಿದ್ಯುತ್ತು ನಿಂತಾಗಲೂ ಆರದ ಒಂದು ಚಿಕ್ಕ ದೀಪವು ಹಿತ್ತಿಲಿನಲ್ಲಿರುವುದು ಆದುದರಿಂದ ಅವಶ್ಯಕವು.

ಸೂರ್ಯನ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1954ರಲ್ಲಿ ಪ್ರದರ್ಶಿಸಿದರು. ಇಂಥ ಅನೇಕ ಕೋಶಗಳನ್ನು ಜೋಡಿಸಿದ ಫಲಕವು ಹಗಲಿನಲ್ಲಿ ಬ್ಯಾಟರಿಯನ್ನು ತುಂಬುವುದು. ರಾತ್ರಿಯಲ್ಲಿ ಆ ಬ್ಯಾಟರಿಯಿಂದ ದೀಪವು ಉರಿಯುವುದು. ಈ ಮೂರರ ಪ್ರಮಾಣಗಳು ಒಂದಕ್ಕೊಂದು ಹೊಂದದಿದ್ದರೆ ದೀಪವು ನಡುರಾತ್ರಿಗೆ ಮುಂಚೆಯೇ ಆರಿಹೋಗುವುದು.

ಲೆಕ್ಕವು ಸುಲಭವಾದುದು. 5 ವ್ಯಾಟಿನ ಎಲ್.ಇ.ಡಿ. ದೀಪವು ಹಳೆಯ 40 ವ್ಯಾಟಿನ ತಂತಿಬಲ್ಬಿನಷ್ಟು ಬೆಳಕನ್ನು ಕೊಡುವುದು. ಅದು 10 ಗಂಟೆ ಉರಿದರೆ 50 ವ್ಯಾಟ್-ಗಂಟೆಗಳ ಶಕ್ತಿಯು ಖರ್ಚಾಗುವುದು. ನಮ್ಮ ಸೀಮೆಯ ಒಳ್ಳೆಯ ಬಿಸಿಲಿನಲ್ಲಿ 20 ವ್ಯಾಟಿನ ಫಲಕವು ನಷ್ಟಗಳನ್ನು ಕಳೆದು ದಿನಕ್ಕೆ ಸುಮಾರು 70 ವ್ಯಾಟ್-ಗಂಟೆಗಳನ್ನು ಒದಗಿಸಬಲ್ಲದು. ಮೋಡ ಕವಿದ ದಿನಗಳಿಗಾಗಿ 150 ವ್ಯಾಟ್-ಗಂಟೆಗಳ ಬ್ಯಾಟರಿಯನ್ನಿಟ್ಟುಕೊಂಡರೆ ಹೆಚ್ಚುಕಡಿಮೆ ಮೂರು ರಾತ್ರಿಗಳು ಸಾಗುವುವು. ಕೊಳ್ಳುವವರು ಪೆಟ್ಟಿಗೆಯ ಮೇಲೆ ಅಚ್ಚಾದ ದೀಪದ ವ್ಯಾಟುಗಳನ್ನು ಮಾತ್ರವೇ ನಂಬದೆ, ಫಲಕವೆಷ್ಟು, ಬ್ಯಾಟರಿಯೆಷ್ಟು ಎಂಬುದನ್ನು ಕೇಳಿ ತಿಳಿಯತಕ್ಕದ್ದು.

ಫಲಕವನ್ನು ದಕ್ಷಿಣಾಭಿಮುಖವಾಗಿ, ಸುಮಾರು 15 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಫಲಕವು 2 ಅಡಿ ಉದ್ದವಿದ್ದರೆ ಉತ್ತರದ ಅಂಚನ್ನು 6 ಅಂಗುಲ ಎತ್ತರಿಸಿದರೆ ಈ ಓರೆಯು ಸಿದ್ಧಿಸುವುದು. ಬೇವಿನ ಒಂದು ಕೊಂಬೆಯ ನೆರಳು ಬಿದ್ದರೂ ಫಲಕದ ಶಕ್ತಿಯು ಬಹಳವಾಗಿ ಕುಂದುವುದರಿಂದ, ನೆರಳಿಲ್ಲದ ಮಾಳಿಗೆಯೇ ಉತ್ತಮವು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಧೂಳನ್ನು ಒರಸಬೇಕು. ಕಾದ ಗಾಜಿನ ಮೇಲೆ ತಣ್ಣೀರನ್ನು ಸುರಿಯದೆ, ಬೆಳಗಿನ ತಂಪಿನಲ್ಲಿ ತೊಳೆದು ಒಣಬಟ್ಟೆಯಿಂದ ಒರಸುವುದು ಮೇಲು. ಇಲ್ಲವಾದರೆ ಕೊಳವೆಬಾವಿಯ ಗಡಸು ನೀರಿನ ಉಪ್ಪು ಗಾಜಿಗೆ ಅಂಟಿಕೊಳ್ಳುವುದು.

ದೀಪವನ್ನು ಬಾಗಿಲಿನಿಂದ ಕೊಟ್ಟಿಗೆಗೂ ಬಚ್ಚಲಿಗೂ ಹೋಗುವ ದಾರಿಯ ಮೇಲೆ ಬೆಳಕು ಕೆಳಮುಖವಾಗಿ ಬೀಳುವಂತೆ ಕಟ್ಟಬೇಕು. ಬೆಳ್ಳನೆಯ ಬೆಳಕಿಗಿಂತ ಹಳದಿ ಬೆಳಕಿಗೆ ಹುಳುಗಳು ಕಡಿಮೆ ಬರುವುವು. ಹುಳುಗಳು ಹೆಚ್ಚಿದರೆ ಕಪ್ಪೆಗಳೂ, ಕಪ್ಪೆಗಳ ಹಿಂದೆ ಹಾವುಗಳೂ ಬರಬಹುದಾದ್ದರಿಂದ ಇದು ಅಲ್ಪ ವಿಷಯವಲ್ಲ. ಮನೆಯ ಬಳಿ ಭತ್ತದ ಗದ್ದೆಯಿದ್ದರೆ ದೀಪವನ್ನು ಆ ಕಡೆಗೆ ತಿರುಗಿಸಬಾರದು. ಕಾಂಡಕೊರಕದ ಪತಂಗಗಳು ಬೆಳಕಿಗೆ ಆಕರ್ಷಿತವಾಗುವುವು.

ಸೀಸದ ಬ್ಯಾಟರಿಯು ನೀರು ಹಾಕತಕ್ಕ ಬಗೆಯದಾದರೆ ಕಾಲಕಾಲಕ್ಕೆ ಬಟ್ಟಿಯಿಳಿಸಿದ ನೀರನ್ನು ಹಾಕತಕ್ಕದ್ದು. ಲಿಥಿಯಂ ಬ್ಯಾಟರಿಗೆ ಈ ತೊಂದರೆಯಿಲ್ಲ. ಆದರೆ ಅದನ್ನು ಸುಡುಬಿಸಿಲಿನಲ್ಲಿಡಬಾರದು. ಕೆಟ್ಟ ಬ್ಯಾಟರಿಯನ್ನು ಹಿತ್ತಿಲಿನಲ್ಲಿ ಎಸೆಯದೆ ಮಾರಿದವರಿಗೇ ಹಿಂದಿರುಗಿಸಬೇಕು.

ದೀಪವು ಹಾವನ್ನು ಓಡಿಸಲಾರದು, ತೋರಿಸಬಲ್ಲದು ಅಷ್ಟೆ. ಆದುದರಿಂದ ಬಣವೆಯನ್ನು ದಾರಿಯಿಂದ ದೂರಕ್ಕೆ ಒಟ್ಟಬೇಕು. ಯಾರಿಗಾದರೂ ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕೂಡಲೇ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಸಾಗಿಸಬೇಕು. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮೊದಲು ತಮ್ಮ ಹಿತ್ತಿಲಿನಲ್ಲಿ ಒಂದು ದೀಪವನ್ನು ಸರಿಯಾದ ಅಳತೆಯಿಂದ ಸ್ಥಾಪಿಸಿ ತೋರಿಸಿದರೆ, ನೆರೆಹೊರೆಯವರು ಅದನ್ನು ಕಂಡು ಅನುಸರಿಸುವರು.