ಗಿಟಾರ್ ಇದೆ, ಹಾಡೂ ಬರುತ್ತೆ... ತಂಡ ಕಟ್ಟೋದು ಹೇಗೆ?

ಆಫೀಸ್ ಟ್ರಿಪ್ಪಿನ ರಾತ್ರಿ ಒಬ್ಬರು ಗಿಟಾರ್ ಹೊರಗೆ ತೆಗೀತಾರೆ. ಇನ್ನೊಬ್ಬರು ಹಳೇ ಸಿನಿಮಾ ಹಾಡು ಎತ್ತಿಕೊಳ್ತಾರೆ. ಮೂರನೆಯವರು ಬಕೆಟ್ ಮಗುಚಿ ಹಾಕಿ ತಾಳ ಹಿಡೀತಾರೆ. "ನಾವೇ ಒಂದು ಬ್ಯಾಂಡ್ ಮಾಡೋಣ ಕಣ್ರೋ" ಅನ್ನೋ ಮಾತು ಬಂದೇ ಬರುತ್ತೆ. ವಾಪಸ್ ಬರೋ ಬಸ್ಸಿನಲ್ಲೇ ವಾಟ್ಸ್‌ಆ್ಯಪ್ ಗ್ರೂಪ್ ರೆಡಿ, ತಂಡಕ್ಕೆ ಹೆಸರೂ ರೆಡಿ. ಎರಡು ತಿಂಗಳು ಬಿಟ್ಟು ನೋಡಿದರೆ ಆ ಗ್ರೂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಇರೋಲ್ಲ.

ಹಾಡೋಕೆ ಬರೋಲ್ಲ ಅಂತ ಇಂಥ ತಂಡಗಳು ಮುರಿಯೋದು ಕಡಿಮೆ. ಎಲ್ಲರಿಗೂ ಒಂದೇ ಹೊತ್ತಿಗೆ ಬಿಡುವು ಸಿಗಲ್ಲ, ಯಾವ ಹಾಡು ಅನ್ನೋದು ತೀರ್ಮಾನ ಆಗಲ್ಲ, ಯಾರ ಮಾತು ಕೇಳಬೇಕು ಅನ್ನೋದಂತೂ ಗೊತ್ತೇ ಇರಲ್ಲ. ಈ ಮೂರಕ್ಕೂ ನಮ್ಮ ತೆಂಗಿನ ಸೀಮೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ.

ಹುಳಿಯಾರು ಕಡೆಯ 'ಕವರ್ ಬ್ಯಾಂಡ್'

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯವರಿಗೆ 'ಅಕೌಸ್ಟಿಕ್ ಕವರ್ ಬ್ಯಾಂಡ್' ಅನ್ನೋ ಹೆಸರು ಹೊಸದಿರಬಹುದು, ಕೆಲಸ ಹೊಸದಲ್ಲ. ಊರಿನ ಪೌರಾಣಿಕ ನಾಟಕವನ್ನೇ ನೆನಪಿಸಿಕೊಳ್ಳಿ. ದುರ್ಯೋಧನ ಹಗಲು ತೋಟಕ್ಕೆ ನೀರು ಹಾಯಿಸ್ತಾನೆ, ಕೃಷ್ಣ ಅಂಗಡಿ ಇಟ್ಟಿರ್ತಾನೆ, ಭೀಮ ಬಸ್ ಓಡಿಸ್ತಾನೆ. ಇವರಲ್ಲಿ ಸಂಗೀತ ಶಾಲೆಗೆ ಹೋದವರು ಅಪರೂಪ. ಆದರೂ ಜಾತ್ರೆಯ ರಾತ್ರಿ ಬೆಳಗಿನ ಜಾವದವರೆಗೂ ಕಂದ, ಪದ್ಯ, ಹಾಡು ನಡೀತಾನೇ ಇರುತ್ತೆ.

ಅದರ ಹಿಂದಿನ ಏರ್ಪಾಡು ಗಮನಿಸಿ. ಒಬ್ಬ ಹಾರ್ಮೋನಿಯಂ ಮೇಷ್ಟ್ರು ಇರ್ತಾರೆ. ಯಾರ ಗಂಟಲಿಗೆ ಯಾವ ಶ್ರುತಿ, ಯಾರಿಗೆ ಯಾವ ಹಾಡು ಅಂತ ಹೇಳೋರು ಅವರೇ. ಹಗಲು ಎಲ್ಲರಿಗೂ ಕೆಲಸ, ಹಾಗಾಗಿ ರಾತ್ರಿ ಊಟ ಮುಗಿಸಿ ಪ್ರಾಕ್ಟೀಸು. ಖರ್ಚಿಗೆ ಪಾತ್ರಧಾರಿಗಳೇ ದುಡ್ಡು ಹಾಕ್ತಾರೆ, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಎಲ್ಲಕ್ಕಿಂತ ಮುಖ್ಯವಾಗಿ, ತಾರೀಕು ಮೊದಲೇ ಗೊತ್ತಾಗಿರುತ್ತೆ. ಜಾತ್ರೆ ಮುಂದಕ್ಕೆ ಹೋಗಲ್ಲ, ಆದ್ದರಿಂದ ನಾಟಕವೂ ಮುಂದಕ್ಕೆ ಹೋಗಲ್ಲ.

ಹಾಡುಗಳೂ ಅಷ್ಟೇ, ಬಹುಪಾಲು ಕೇಳಿದ ಮಟ್ಟುಗಳೇ. ಜನಪ್ರಿಯ ಧಾಟಿಗೆ ಹೊಸ ಮಾತು ಕೂರಿಸೋದು ಕಂಪನಿ ನಾಟಕಗಳ ಕಾಲದಿಂದ ಬಂದ ಪದ್ಧತಿ. ಅಂಥ ಕಂಪನಿಗಳಲ್ಲಿ ದೊಡ್ಡದಾದ ಗುಬ್ಬಿ ಕಂಪನಿ ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯಲ್ಲಿ, 1884ರಲ್ಲಿ. ಅದೇ ವರ್ಷ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ.ಶ್ರೀ ಹುಟ್ಟಿದರು. ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಬಾಯಿಗೆ ಒಗ್ಗಿಸಿದ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಯಿತು. ಬೇರೆಯವರದ್ದನ್ನು ತಂದು ನಮ್ಮದಾಗಿ ಹೇಳೋದು ಕೀಳು ಕೆಲಸ ಅಂತ ಈ ಸೀಮೆ ಯಾವತ್ತೂ ಅಂದುಕೊಂಡಿಲ್ಲ.

ಕವರ್ ಅಂದ್ರೆ ನಕಲಾ?

"ಸ್ವಂತ ಹಾಡಿಲ್ವಾ?" ಅನ್ನೋ ಪ್ರಶ್ನೆ ಎಲ್ಲ ಹೊಸ ತಂಡಕ್ಕೂ ಎದುರಾಗುತ್ತೆ. ಬೀಟಲ್ಸ್‌ನ ಮೊದಲ ಆಲ್ಬಂ ಬಂದದ್ದು 1963ರಲ್ಲಿ. ಅದರ 14 ಹಾಡುಗಳಲ್ಲಿ 6 ಬೇರೆಯವರವು. ಮೂವತ್ತು ವರ್ಷದ ನಂತರ, 1993ರಲ್ಲಿ, ನಿರ್ವಾಣ ತಂಡ ಎಂಟಿವಿ ಅನ್‌ಪ್ಲಗ್ಡ್‌ಗಾಗಿ ನುಡಿಸಿದ್ದೂ 14 ಹಾಡು. ಅದರಲ್ಲೂ 6 ಬೇರೆಯವರವೇ!

ಕನ್ನಡದಲ್ಲಿ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಅವರ ಜೊತೆ ಊರೂರು ಸುತ್ತಿ ಹಾಡಿದ್ದು ಕವಿಗಳ ಪದ್ಯಗಳನ್ನು, ಜನಪದ ಗೀತೆಗಳನ್ನು. ಮೂರು ದನಿ, ಒಂದಿಷ್ಟು ವಾದ್ಯ, ಅಷ್ಟರಿಂದಲೇ ಪುಸ್ತಕದ ಪದ್ಯ ಮನೆಮನೆಯ ಹಾಡಾಯಿತು. ಆಮೇಲೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅದೇ ದಾರಿಯನ್ನು ಇನ್ನೂ ಅಗಲ ಮಾಡಿದರು.

ಬೆಂಗಳೂರಿನಲ್ಲಿ ಸ್ವರಾತ್ಮ ತಂಡ ಶುರುವಾದದ್ದು 2002ರಲ್ಲಿ. ಅವರ ಮೊದಲ ಆಲ್ಬಂ ಹೊರಬಂದದ್ದು 2009ರಲ್ಲಿ. ನಡುವೆ ಏಳು ವರ್ಷ. ತೆಂಗಿನಕಾಯಿ ಉಂಡೆ ಕೊಬ್ಬರಿಯಾಗೋಕೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂರಬೇಕು ಅಂತ ಬಲ್ಲವರಿಗೆ ಈ ಲೆಕ್ಕ ಅರ್ಥವಾಗುತ್ತೆ. ರಘು ದೀಕ್ಷಿತ್ ಮೊದಲು ಅಂತರಾಗ್ನಿ ಅನ್ನೋ ತಂಡದಲ್ಲಿದ್ದರು. ಅದು ಮುಗಿದ ಮೇಲೆ ಕಟ್ಟಿದ್ದಕ್ಕೆ 'ಪ್ರಾಜೆಕ್ಟ್' ಅಂತ ಹೆಸರಿಟ್ಟರು. ಕಲಾವಿದರು ಬರಬಹುದು, ಹೋಗಬಹುದು, ಬಾಗಿಲು ತೆರೆದಿರುತ್ತೆ ಅನ್ನೋ ಲೆಕ್ಕ. 2008ರ ಅವರ ಮೊದಲ ಆಲ್ಬಂನಲ್ಲಿ ಸ್ವಂತ ಹಾಡುಗಳ ಪಕ್ಕದಲ್ಲೇ ಶಿಶುನಾಳ ಷರೀಫರ ಪದಗಳೂ ಇವೆ.

ಯಾರನ್ನು ಹುಡುಕಬೇಕು?

ಅಕೌಸ್ಟಿಕ್ ತಂಡಕ್ಕೆ ಮೂರರಿಂದ ಐದು ಜನ ಸಾಕು. ಒಂದು ಅಥವಾ ಎರಡು ದನಿ, ಒಂದು ಗಿಟಾರ್, ಒಂದು ತಾಳವಾದ್ಯ, ಸಿಕ್ಕರೆ ಕೊಳಲೋ ಪಿಟೀಲೋ. ಎಲ್ಲವೂ ಬೈಕಿನ ಹಿಂದೆ ಕೂರುತ್ತೆ, ಟೆರೇಸಿನ ಮೇಲೆ ನಡೆಯುತ್ತೆ, ಪಕ್ಕದ ಮನೆಯವರ ನಿದ್ದೆ ಕೆಡಿಸಲ್ಲ. ಕೆಲಸಕ್ಕೆ ಹೋಗುವವರಿಗೆ ಈ ಮಾದರಿ ಒಗ್ಗೋದೇ ಇದಕ್ಕೆ.

ಹುಡುಕುವಾಗ ಜನ ಮಾಡೋ ಸಾಮಾನ್ಯ ತಪ್ಪು ಅಂದ್ರೆ ತುಂಬಾ ಚೆನ್ನಾಗಿ ನುಡಿಸೋರನ್ನೇ ಬೇಕು ಅನ್ನೋದು. ಅಂಥವರಿಗೆ ಬೇರೆ ನಾಲ್ಕು ತಂಡ ಇರುತ್ತೆ. ವಾರಕ್ಕೊಂದು ಸಂಜೆ ತಪ್ಪದೆ ಬರುವ, ಸಾಧಾರಣವಾಗಿ ನುಡಿಸುವ ಒಬ್ಬರು ತಂಡಕ್ಕೆ ಹೆಚ್ಚು ಉಪಯೋಗ. ಶನಿವಾರ ಸಂಜೆಯ ಆಂಜನೇಯನ ಗುಡಿಯ ಭಜನೆಗೆ ಯಾರೂ ಇನ್ವಿಟೇಶನ್ ಕಳಿಸಲ್ಲ. ಶನಿವಾರ ಅಂದ್ರೆ ಭಜನೆ, ಅಷ್ಟೇ. ನಿಮ್ಮ ತಂಡಕ್ಕೂ ಅಂಥದ್ದೊಂದು ವಾರ ಬೇಕು.

ಶ್ರುತಿ ಮೊದಲು, ಹಾಡು ಆಮೇಲೆ

ಮೊದಲ ಜಗಳ ಸಾಮಾನ್ಯವಾಗಿ ಶ್ರುತಿಯದ್ದು. ಗಂಡು ದನಿಯ ಹಾಡನ್ನು ಹೆಣ್ಣು ದನಿ ಹಾಡುವಾಗ ಮೂಲ ಶ್ರುತಿ ಹೊಂದಲ್ಲ. ಹಾರ್ಮೋನಿಯಂನವರು 'ಕಪ್ಪು ಒಂದು' ಅಂತಾರೆ, ಗಿಟಾರಿನವರು 'ಸಿ ಶಾರ್ಪ್' ಅಂತಾರೆ. ಎರಡೂ ಒಂದೇ ಅಂತ ತಿಳಿಯೋಕೆ ಅರ್ಧ ಗಂಟೆ ಹೋಗುತ್ತೆ. ಗಿಟಾರಿಗೆ ಕೇಪೋ ಅನ್ನೋ ಸಣ್ಣ ಕ್ಲಿಪ್ ಹಾಕಿದರೆ ಶ್ರುತಿ ಬದಲಾಯಿಸೋದು ಎರಡು ಸೆಕೆಂಡಿನ ಕೆಲಸ. ತಬಲಾಕ್ಕೆ ಆ ಸೌಕರ್ಯ ಇಲ್ಲ, ಹಾಡಿಗೊಂದು ಶ್ರುತಿ ಬದಲಾದರೆ ಸುತ್ತಿಗೆ ಹಿಡಿದೇ ಕೂರಬೇಕು. ಹಾಗಾಗಿ ತಬಲಾ ಇದ್ದರೆ ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಜೋಡಿಸಿ. ಇಲ್ಲವೇ ಕಹೋನ್ ತನ್ನಿ. ಮೇಲೆ ಕೂತು ಬಡಿಯುವ ಈ ಮರದ ಪೆಟ್ಟಿಗೆ ಪೆರು ದೇಶದ್ದು, ಅದಕ್ಕೆ ಶ್ರುತಿಯ ಹಂಗಿಲ್ಲ.

ಹಾಡಿನ ಆಯ್ಕೆಗೆ ಒಂದು ಸುಲಭ ಉಪಾಯ ಇದೆ. ಪ್ರತಿಯೊಬ್ಬರೂ ಹತ್ತು ಹಾಡು ಬರೆದು ತನ್ನಿ. ಎರಡು ಪಟ್ಟಿಯಲ್ಲಾದರೂ ಬಂದ ಹಾಡನ್ನು ಮೊದಲು ಹಿಡಿಯಿರಿ. ಹನ್ನೆರಡು ಹಾಡು ಗಟ್ಟಿಯಾದರೆ ಮಾತುಕತೆ ಸೇರಿ ಒಂದು ಗಂಟೆಯ ಕಾರ್ಯಕ್ರಮ. ಮೊದಲ ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ. ಪ್ರತಿ ಹಾಡಿಗೂ ಅಂತಿಮ ಮಾತು ಹೇಳೋರು ಒಬ್ಬರೇ ಇರಲಿ. ನಿಮ್ಮ ಹಾರ್ಮೋನಿಯಂ ಮೇಷ್ಟ್ರು ಯಾರು ಅಂತ ಮೊದಲ ದಿನವೇ ತೀರ್ಮಾನ ಮಾಡಿಕೊಳ್ಳಿ.

ಹಾಡು ಯಾರದ್ದು?

ಈ ವಿಷಯ ಬಹಳ ಜನರಿಗೆ ತಡವಾಗಿ ಗೊತ್ತಾಗುತ್ತೆ. ಭಾರತದಲ್ಲಿ ಕವಿ ಅಥವಾ ಸಂಗೀತಗಾರ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ಷರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಸಾಹಿತ್ಯ ಎಲ್ಲರದ್ದು. ಆದರೆ ಅದಕ್ಕೆ ಅಶ್ವತ್ಥ್ ತಾವೇ ಹಾಕಿದ ಧಾಟಿ ಹಾಗಲ್ಲ. ಅವರು 2009ರಲ್ಲಿ ತೀರಿಕೊಂಡರು, ಅಂದರೆ 2069ರ ಕೊನೆಯವರೆಗೆ ಅದಕ್ಕೆ ರಕ್ಷಣೆ ಇದೆ. ಅದೇ ಪದಕ್ಕೆ ನಿಮ್ಮದೇ ರಾಗ ಹಾಕಿದರೆ ಯಾರ ಅನುಮತಿಯೂ ಬೇಡ.

ಮದುವೆ ಮತ್ತು ಅದಕ್ಕೆ ಸೇರಿದ ಸಂಭ್ರಮದಲ್ಲಿ, ದೇವರ ಕಾರ್ಯದಲ್ಲಿ ಹಾಡಿದರೆ ಕಾಯ್ದೆಯ 52ನೇ ಸೆಕ್ಷನ್ ರಿಯಾಯಿತಿ ಕೊಡುತ್ತೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಹಾಡಿದರೂ ಅಷ್ಟೇ. ಕೆಫೆಯಲ್ಲೋ ಟಿಕೆಟ್ ಶೋನಲ್ಲೋ ಹಾಡುವಾಗ ಲೈಸೆನ್ಸ್ ಬೇಕು. ಗೀತರಚನೆಕಾರರ, ಸಂಗೀತಗಾರರ ಪರವಾಗಿ ಅದನ್ನು ಕೊಡೋದು 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಸ್ಥೆ. ಅದು ಯಾರ ಜವಾಬ್ದಾರಿ ಅಂತ ಕೆಫೆಯವರನ್ನು ಮೊದಲೇ ಕೇಳಿ, ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಯೂಟ್ಯೂಬಿಗೆ ಹಾಕಿದ ಕವರ್‌ನ ಜಾಹೀರಾತು ಹಣ ಮೂಲ ಹಾಡಿನ ಹಕ್ಕುದಾರರಿಗೆ ಹೋಗಬಹುದು, ವಿಡಿಯೋ ತೆಗೆದುಹಾಕಲೂಬಹುದು. ಅದು ತಿಳಿದೇ ಹಾಕಿ.

ದುಡ್ಡು ಮತ್ತು ವಿದಾಯ

ಮೊದಲ ಸಂಭಾವನೆ ಬಂದ ದಿನ ಸ್ನೇಹಕ್ಕೆ ಪರೀಕ್ಷೆ. ಮೊದಲು ಓಡಾಟದ ಖರ್ಚು, ಆಮೇಲೆ ತಂತಿ-ಚರ್ಮದ ರಿಪೇರಿಗೆ ಒಂದು ಪಾಲು, ಉಳಿದದ್ದು ಸಮಪಾಲು. ಈ ಮೂರು ಸಾಲನ್ನು ದುಡ್ಡು ಬರೋ ಮೊದಲೇ ಬರೆದಿಟ್ಟರೆ ಬಂದ ಮೇಲೆ ಮುಖ ನೋಡಿಕೊಳ್ಳೋ ಪ್ರಸಂಗ ತಪ್ಪುತ್ತೆ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಒಬ್ಬರಿಗೆ ಪುಣೆಗೆ ಟ್ರಾನ್ಸ್‌ಫರ್, ಇನ್ನೊಬ್ಬರಿಗೆ ಮಗು, ಮತ್ತೊಬ್ಬರಿಗೆ ನೈಟ್ ಶಿಫ್ಟ್. ಬಹಳ ತಂಡ ನಿಲ್ಲೋದು ಇಲ್ಲೇ. ನಾಟಕದವರ ಬಳಿ ಇದಕ್ಕೂ ಮದ್ದಿದೆ. ಈ ವರ್ಷದ ಅರ್ಜುನ ಮುಂದಿನ ವರ್ಷ ಬರದಿದ್ದರೆ ಇನ್ನೊಬ್ಬ ಅರ್ಜುನ ಬರ್ತಾನೆ. ಹಾಡು ಮೇಷ್ಟ್ರ ಬಳಿ, ಪುಸ್ತಕದಲ್ಲಿ ಇರುತ್ತೆ. ನೀವೂ ಪ್ರತಿ ಹಾಡಿನ ಶ್ರುತಿ, ಕಾರ್ಡ್, ಎಲ್ಲಿ ಯಾರು ಎತ್ತಿಕೊಳ್ಳಬೇಕು ಅನ್ನೋದನ್ನು ಒಂದೇ ಕಡೆ ಬರೆದಿಡಿ, ರಿಹರ್ಸಲ್ ಫೋನಿನಲ್ಲಿ ರೆಕಾರ್ಡ್ ಮಾಡಿ. ಹೊಸಬರು ಬಂದಾಗ ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಹೋದವರಿಗೂ ರಜೆಗೆ ಬಂದಾಗ ಒಂದು ಹಾಡು ಮೀಸಲಿರಲಿ.

ಕೊನೆಗೆ, ಮೊದಲು ಮಾಡಬೇಕಾದ ಕೆಲಸ: ಇವತ್ತಿನಿಂದ ಮೂರು ತಿಂಗಳಿಗೆ ಒಂದು ತಾರೀಕು ಗುರುತು ಮಾಡಿ. ಊರ ಹಬ್ಬವೋ, ಗೆಳೆಯರ ಮನೆಯ ಗೃಹಪ್ರವೇಶವೋ, ಅಪಾರ್ಟ್‌ಮೆಂಟಿನ ಗಣೇಶನೋ, ಯಾವುದಾದರೂ ಸರಿ. ಅಲ್ಲಿಯವರಿಗೆ "ನಾವು ಹಾಡ್ತೀವಿ" ಅಂತ ಮಾತು ಕೊಟ್ಟುಬಿಡಿ. ತಂಡದ ಹೆಸರು ಅದಾದ ಮೇಲೆ ಯೋಚಿಸಿದರಾಯ್ತು.