ಸಂಗೀನಿನಿಂದ ದೀಪದ ಹೋಲ್ಡರಿನವರೆಗೆ

ಮದಲೂರು ಸೀಮೆಯ ಯಾವ ಮನೆಯಲ್ಲಾದರೂ ಬಲ್ಬು ಕೆಟ್ಟಾಗ ಹುಡುಗನೊಬ್ಬನು ಸ್ಟೂಲು ಹತ್ತಿ, ಹಳೆಯದನ್ನು ಒತ್ತಿ ತಿರುಗಿಸಿ ಕಳಚಿ, ಹೊಸದನ್ನು ಒತ್ತಿ ತಿರುಗಿಸಿ ಸಿಕ್ಕಿಸುತ್ತಾನೆ. ಈ ಬಗೆಯ ಜೋಡಣೆಗೆ ಯಂತ್ರಶಾಸ್ತ್ರದಲ್ಲಿ ‘ಬಯೊನೆಟ್ ಜೋಡಣೆ’ ಎಂದು ಹೆಸರು. ಬಯೊನೆಟ್ ಎಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಇರಿಗತ್ತಿ. ಅದಕ್ಕೆ ಸಂಗೀನು ಎಂಬ ಮಾತೂ ಉಂಟು. ಕೊಲ್ಲುವ ಆಯುಧದ ಹೆಸರು ದೀಪಕ್ಕೆ ಅಂಟಿಕೊಂಡ ಬಗೆಯನ್ನು, ಅಧ್ಯಾಪಕ ಮಿತ್ರರಿಗೆ ತರಗತಿಯಲ್ಲಿ ಉಪಯೋಗವಾದೀತೆಂದು, ಇಲ್ಲಿ ವಿವರಿಸಿದ್ದೇನೆ.

ಫ್ರಾನ್ಸಿನ ನೈಋತ್ಯದಲ್ಲಿರುವ ಬಯೋನ್ ಪಟ್ಟಣದಿಂದ ಈ ಹೆಸರು ಬಂದಿತೆಂಬುದು ರೂಢಿಯ ಅಭಿಪ್ರಾಯ. ಹದಿನೇಳನೆಯ ಶತಮಾನದ ಬಂದೂಕನ್ನು ಒಮ್ಮೆ ಹಾರಿಸಿದರೆ ಮತ್ತೆ ಮದ್ದುಗುಂಡು ತುಂಬಲು ಬಹಳ ಹೊತ್ತು ಬೇಕಾಗಿತ್ತು. ಅಷ್ಟರಲ್ಲಿ ಶತ್ರು ಮೈಮೇಲೆ ಬಿದ್ದರೆ ಸಿಪಾಯಿಯ ಗತಿಯೇನು? ಆದುದರಿಂದ ಕತ್ತಿಯ ಮರದ ಹಿಡಿಯನ್ನೇ ನಳಿಗೆಯ ಬಾಯಿಗೆ ಬಿರಡೆಯಂತೆ ತುರುಕಿ, ಬಂದೂಕನ್ನು ಈಟಿಯಾಗಿಸಿಕೊಂಡರು. ಆದರೆ ಬಾಯಿ ಮುಚ್ಚಿದ ಬಂದೂಕು ಗುಂಡು ಹಾರಿಸಲಾರದಷ್ಟೆ! 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲಿಕ್ರಾಂಕಿಯಲ್ಲಿ ಬೆಟ್ಟದ ಪಡೆಯವರು ಇಳಿಜಾರಿನಲ್ಲಿ ಓಡಿಬಂದಾಗ, ಸರಕಾರದ ಸೈನಿಕರು ಇನ್ನೂ ಬಿರಡೆ ತುರುಕುತ್ತಲೇ ಇದ್ದು ಕೊಚ್ಚಿಹೋದರು.

ಇದಕ್ಕೆ ಪರಿಹಾರ ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ರೂಪುಗೊಳ್ಳುತ್ತಿತ್ತು. ಕೋಟೆಗಳ ಶಿಲ್ಪಿಯೆಂದು ಖ್ಯಾತನಾದ ವೊಬಾನನ ಹೆಸರನ್ನು ಇದರೊಡನೆ ಸೇರಿಸುತ್ತಾರೆ. ಕತ್ತಿಯ ಬುಡಕ್ಕೆ ಕೊಳವೆಯೊಂದನ್ನು ಬೆಸೆದು, ಅದನ್ನು ನಳಿಗೆಯ ಹೊರಮೈಗೆ ತೊಡಿಸಿದರು. ಕೊಳವೆಯಲ್ಲಿ ಅಂಕುಡೊಂಕಾದ ಸೀಳು. ನಳಿಗೆಯ ಮೇಲೆ ಪುಟ್ಟ ಗುಬಟು. ಒತ್ತಿ ತಿರುಗಿಸಿದರೆ ಗುಬಟು ಸೀಳಿನ ತಿರುವಿನಲ್ಲಿ ಕುಳಿತುಬಿಡುವುದು. ನೇರವಾಗಿ ಎಳೆದರೆ ಕಳಚದು. ಅಲಗು ಪಕ್ಕಕ್ಕೆ ಬಾಗಿದ್ದುದರಿಂದ ನಳಿಗೆಯ ಬಾಯಿ ತೆರೆದೇ ಇರುತ್ತಿತ್ತು. ಹೀಗೆ ಒಬ್ಬನೇ ಸಿಪಾಯಿ ಬಂದೂಕುಗಾರನೂ ಈಟಿಗಾರನೂ ಆದನು. ಅಲಗಿಗಿಂತ ಆ ಸೀಳೇ ಇಲ್ಲಿನ ನಿಜವಾದ ಕಲ್ಪನೆಯೆಂದು ನನ್ನ ಎಣಿಕೆ.

ನಮ್ಮ ನಾಡೂ ಈ ಆಯುಧವನ್ನು ಕಾಣದೆ ಇರಲಿಲ್ಲ. 1761ರಲ್ಲಿ ಶಿರಾ ಹೈದರಾಲಿಯ ವಶವಾಯಿತು. ಅವನ ಮಗ ಟಿಪ್ಪುವಿನ ಕಾಲದ ಸಂಗೀನುಸಹಿತ ಬಂದೂಕುಗಳು ಇಂದಿಗೂ ಉಳಿದಿವೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಪೇಟೆಯನ್ನು ಹಿಡಿದಾಗ, ಅದನ್ನು ಮರಳಿ ಪಡೆಯಲು ಬಂದ ಟಿಪ್ಪುವಿನ ಪಡೆಯೊಡನೆ ಇಕ್ಕಟ್ಟಾದ ಬೀದಿಗಳಲ್ಲಿ ಸಂಗೀನಿನ ಕಾಳಗವೇ ನಡೆಯಿತು. ಅದೇ ತಿಂಗಳ 21ರ ರಾತ್ರಿ ಕೋಟೆಯೂ ಬಿದ್ದು, ಕಿಲ್ಲೇದಾರ ಬಹಾದುರ್ ಖಾನ್ ಮಡಿದನು.

ಅದೇ ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಅಮೆರಿಕದ ಎಡಿಸನ್ ಬಲ್ಬಿಗೆ ತಿರುಪಿನ ಬುಡ. ಬ್ರಿಟನ್ನಿನಲ್ಲಿಯೂ ಅದರ ಹಾದಿ ಹಿಡಿದ ನಮ್ಮಲ್ಲಿಯೂ ನೆಲೆಸಿದ್ದು 22 ಮಿಲಿಮೀಟರಿನ ಬಯೊನೆಟ್ ಬುಡ. ಇದರ ಎರಡು ಪಿನ್ನುಗಳು ಹೋಲ್ಡರಿನ ಸೀಳುಗಳಲ್ಲಿ ಇಳಿದು ತಿರುಗುತ್ತವೆ. ಒಳಗಿನ ಸ್ಪ್ರಿಂಗು ಬಲ್ಬನ್ನು ಹಿಂದಕ್ಕೆ ನೂಕಿ ಪಿನ್ನನ್ನು ತಿರುವಿನಲ್ಲಿ ಭದ್ರಪಡಿಸುತ್ತದೆ. ತಿರುಪು ಅದುರಿದರೆ ಸಡಿಲವಾದೀತು, ಇದು ಆಗದು. ಆದುದರಿಂದಲೇ ಮೋಟಾರು ವಾಹನಗಳ ಸಣ್ಣ ಬಲ್ಬುಗಳಲ್ಲಿಯೂ ಇದೇ ಕ್ರಮ ಬಹುಕಾಲ ನಡೆಯಿತು. ವಿನೋದವೆಂದರೆ, ಇಲ್ಲಿ ಬಲ್ಬು ಬಂದೂಕಿನ ನಳಿಗೆಯ ಸ್ಥಾನದಲ್ಲಿದೆ. ಕತ್ತಿಯ ಸ್ಥಾನ ಹೋಲ್ಡರಿನದು! ಕ್ಯಾಮರಾದ ಮಸೂರಗಳೂ, ಪ್ರಯೋಗಶಾಲೆಯ ಆಸಿಲೋಸ್ಕೋಪಿನ ಕೇಬಲ್ಲುಗಳೂ ಇದೇ ವಂಶದವು. ಆದರೆ ಪೊಲೀಸರ ಕೈಯಲ್ಲಿ ನಾವು ಕಂಡಿದ್ದ 303 ರೈಫಲಿನ ಬಯೊನೆಟ್ಟಿಗೆ ಈ ತಿರುವೇ ಇಲ್ಲ. ನೇರವಾಗಿ ಒತ್ತಿದರೆ ಸ್ಪ್ರಿಂಗಿನ ಕೊಂಡಿ ಹಿಡಿಯುತ್ತದೆ. ಆಯುಧ ಬಿಟ್ಟುಕೊಟ್ಟದ್ದನ್ನು ದೀಪ ಉಳಿಸಿಕೊಂಡಿತು.

ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ಗಮನಿಸಬೇಕಾದುದೊಂದುಂಟು. ಹೋಲ್ಡರಿನೊಳಗಿನ ಎರಡು ಸ್ಪ್ರಿಂಗು ಮೊಳೆಗಳು ಬಲ್ಬು ತೆಗೆದೊಡನೆ ಬರಿದಾಗಿ ತೋರುತ್ತವೆ. ವೈರಿಂಗು ಮಾಡಿದವನು ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ, ಸ್ವಿಚ್ಚು ಆರಿಸಿದ ಮೇಲೂ ಒಂದು ಮೊಳೆಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ಮೇನ್ ಸ್ವಿಚ್ಚನ್ನೇ ತೆಗೆದು, ಅನಂತರ ಹುಡುಗನನ್ನು ಸ್ಟೂಲು ಹತ್ತಿಸುವುದು ಲೇಸು. ಸ್ಪ್ರಿಂಗು ಸೋತು ಕಿಡಿ ಹಾರುವ ಹೋಲ್ಡರನ್ನಂತೂ ಆ ದಿನವೇ ಬದಲಾಯಿಸತಕ್ಕದ್ದು.