ಚಿಂಚಿಲ್ಲಾ ಮೊಲಕ್ಕೆ ಸೂಕ್ತವಾದ ಗೂಡು

ಮೊಲ ಸಾಕಣೆಗೆ ಹೆಚ್ಚು ಜಾಗವಾಗಲಿ, ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಊರಂಚಿನ ಭಾಗದಲ್ಲಿ ಮನೆಯ ಹಿತ್ತಲೂ ಇದಕ್ಕೆ ಸಾಕಾಗುತ್ತದೆ. ಆದರೆ ಗೂಡಿನ ವಿಷಯದಲ್ಲಿ ತಪ್ಪಿದರೆ ಬೇಸಿಗೆಯ ಒಂದೇ ಮಧ್ಯಾಹ್ನದಲ್ಲಿ ಸಾಕಿದ ಮೊಲಗಳೆಲ್ಲ ಸಾಯುವ ಸಂಭವವುಂಟು. ಗೂಡು ಭದ್ರವಾಗಿದ್ದರಷ್ಟೇ ಸಾಲದು. ತಂಪಾಗಿಯೂ ಒಣಗಿಯೂ ಇರಬೇಕು.

ಹೆಸರು ಒಂದು, ಪ್ರಾಣಿ ಎರಡು

ಚಿಂಚಿಲ್ಲಾ ಎಂಬ ಹೆಸರು ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಒಂದು ಸಣ್ಣ ದಂಶಕ ಪ್ರಾಣಿಯದು. ದಟ್ಟವಾದ ತುಪ್ಪಳವುಳ್ಳ ಇದು 25 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯನ್ನು ತಾಳಲಾರದು. ಆದ್ದರಿಂದ ನಮ್ಮ ಸೀಮೆಯಲ್ಲಿ ಹವಾನಿಯಂತ್ರಿತ ಕೋಣೆಯಿಲ್ಲದೆ ಇದನ್ನು ಸಾಕುವುದು ಸೂಕ್ತವಲ್ಲ.

ರೈತರಿಗೆ ಉಪಯುಕ್ತವಾದುದು ಚಿಂಚಿಲ್ಲಾ ಮೊಲ. ತುಪ್ಪಳದ ಬೂದು ಬಣ್ಣ ಆ ಪ್ರಾಣಿಯನ್ನು ಹೋಲುವುದರಿಂದ ಇದಕ್ಕೆ ಈ ಹೆಸರು. ಇದನ್ನು 1913ರಲ್ಲಿ ಫ್ರಾನ್ಸಿನಲ್ಲಿ ಮೊದಲು ಪ್ರದರ್ಶಿಸಲಾಯಿತು. ಮುಂದೆ ರಷ್ಯಾದಲ್ಲಿ ದೊಡ್ಡ ಗಾತ್ರಕ್ಕೆ ಅಭಿವೃದ್ಧಿಪಡಿಸಿದ ತಳಿಯೇ ಸೋವಿಯತ್ ಚಿಂಚಿಲ್ಲಾ. ಬೆಳೆದ ಮೊಲ 4ರಿಂದ 5 ಕಿ.ಗ್ರಾಂ. ತೂಗುತ್ತದೆ. ಕೊಡೈಕನಾಲ್ ಬೆಟ್ಟದ ಮನ್ನವನೂರಿನಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಈ ತಳಿಯನ್ನು ಸಾಕಲಾಗಿದೆ. ಆದರೆ ಹೊಲದಲ್ಲಿ ಸಿಗುವ ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಸ್ಥಳದ ಆಯ್ಕೆ

ನೀರು ನಿಲ್ಲದ ಎತ್ತರದ ಜಾಗ ಬೇಕು. ಎರೆ ಮಣ್ಣಿದ್ದರೆ ಗೂಡಿನ ಕೆಳಗೆ ಗರಸು ಹಾಕಿ ಎತ್ತರಿಸಬೇಕು. ಬೇವು ಅಥವಾ ಹೊಂಗೆ ಮರದ ನೆರಳು ಉತ್ತಮ. ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿದ್ದರೆ ಬಿಸಿಲು ನೇರವಾಗಿ ಒಳಗೆ ಬೀಳುವುದು ಕಡಿಮೆ. ಮುಂಗಾರಿನ ಎರಚಲು ಬಹುಮಟ್ಟಿಗೆ ಪಶ್ಚಿಮದಿಂದ ಬರುವುದರಿಂದ ಆ ಕಡೆ ಗೋಡೆ ಅಥವಾ ತಟ್ಟಿ ಇರಬೇಕು. ಉಳಿದ ಕಡೆಗಳಲ್ಲಿ ಗಾಳಿಯಾಡಲು ಬಿಡಬೇಕು.

ಅಳತೆ ಮತ್ತು ರಚನೆ

ಬೆಳೆದ ಒಂದು ಮೊಲಕ್ಕೆ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಗೂಡು ಅನುಕೂಲ. ಗಂಡು, ಹೆಣ್ಣುಗಳನ್ನು ಬೇರೆ ಬೇರೆ ಇಡಬೇಕು. ಗೂಡು ನೆಲದಿಂದ 75ರಿಂದ 90 ಸೆಂ.ಮೀ. ಮೇಲಿದ್ದರೆ ಹಿಕ್ಕೆ ತೆಗೆಯುವುದು ಸುಲಭ; ನಾಯಿ, ಬೆಕ್ಕುಗಳ ಕಾಟವೂ ಕಡಿಮೆ. ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲಿಟ್ಟರೆ ಇರುವೆ ಹತ್ತುವುದಿಲ್ಲ.

ನೆಲಕ್ಕೆ 14 ಗೇಜಿನ, ಸತು ಲೇಪಿಸಿದ ಬೆಸುಗೆ ಜಾಲರಿ ಹಾಕಬೇಕು. ಕಣ್ಣಿನ ಅಳತೆ 2.5 × 1.25 ಸೆಂ.ಮೀ. ಇರಲಿ. ಹಿಕ್ಕೆ ಕೆಳಗೆ ಬೀಳಬೇಕು, ಕಾಲು ಸಿಕ್ಕಿಕೊಳ್ಳಬಾರದು. ತಂತಿಯ ಮೇಲೆಯೇ ಸದಾ ಕುಳಿತರೆ ಹಿಂಗಾಲಿನ ಅಡಿಯಲ್ಲಿ ಹುಣ್ಣಾಗುತ್ತದೆ. ಆದ್ದರಿಂದ ಮೂಲೆಯಲ್ಲಿ ಒಂದು ಮರದ ಹಲಗೆ ಇಡಬೇಕು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಅದು ಮರವನ್ನು ಕಡಿಯುತ್ತದೆ. ಕಟ್ಟಿಗೆಯ ಅಂಚುಗಳಿಗೆ ತಗಡಿನ ಪಟ್ಟಿ ಹೊಡೆಯುವುದು ಮೇಲು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಂಥ ಕಡೆ ಬೆಸುಗೆ ಕೆಲಸದವರಿಗೆ ಈ ಅಳತೆಗಳನ್ನು ಬರೆದುಕೊಟ್ಟು ಗೂಡು ಮಾಡಿಸಬಹುದು. ತಂತಿಯ ಚೂಪು ತುದಿಗಳು ಒಳಮುಖವಾಗಿ ಉಳಿಯದಂತೆ ನೋಡಿಕೊಳ್ಳಬೇಕು.

ಮರಿ ಪೆಟ್ಟಿಗೆ

ಮೊಲದ ಗರ್ಭಾವಧಿ 30ರಿಂದ 32 ದಿನ. 28ನೆಯ ದಿನ 50 × 30 × 30 ಸೆಂ.ಮೀ. ಅಳತೆಯ ಮರದ ಪೆಟ್ಟಿಗೆಯನ್ನು ಒಳಗಿಟ್ಟು ಒಣ ಹುಲ್ಲು ಹಾಸಬೇಕು. ತಾಯಿ ತನ್ನ ತುಪ್ಪಳವನ್ನೇ ಕಿತ್ತು ಹಾಸಿಗೆ ಮಾಡಿಕೊಳ್ಳುತ್ತದೆ. ಮರಿಗಳಿಗೆ ಹುಟ್ಟುವಾಗ ಕೂದಲಿರುವುದಿಲ್ಲ. ಕಣ್ಣು ತೆರೆಯಲು 10–12 ದಿನ ಬೇಕು. ಮರಿಗಳು ಹೊರಬೀಳದಂತೆ ಗೂಡಿನ ಪಕ್ಕಗಳ ಕೆಳಗಿನ 15 ಸೆಂ.ಮೀ. ಭಾಗಕ್ಕೂ ಸಣ್ಣ ಕಣ್ಣಿನ ಜಾಲರಿಯೇ ಇರಲಿ.

ಬೇಸಿಗೆಯ ಎಚ್ಚರಿಕೆ

ಮೊಲಕ್ಕೆ ಹಿತವಾದ ಉಷ್ಣತೆ 15ರಿಂದ 25 ಡಿಗ್ರಿ. ಏಪ್ರಿಲ್–ಮೇ ತಿಂಗಳಲ್ಲಿ ಹುಬ್ಬಳ್ಳಿ–ಧಾರವಾಡದ ಬಿಸಿಲು 37 ಡಿಗ್ರಿ ಮುಟ್ಟುತ್ತದೆ. ಮೊಲ ಮನುಷ್ಯನಂತೆ ಬೆವರುವುದಿಲ್ಲ; ಮೈಯ ಶಾಖವನ್ನು ಮುಖ್ಯವಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. ತಗಡಿನ ಮಾಡಿಗಿಂತ ಹಂಚಿನ ಮಾಡು ಒಳ್ಳೆಯದು. ತಗಡೇ ಇದ್ದರೆ ಅದರ ಮೇಲೆ ಜೋಳದ ಕಣಿಕೆಯನ್ನು ದಪ್ಪಗೆ ಹೊದಿಸಬೇಕು. ಮಧ್ಯಾಹ್ನ ಪಕ್ಕದಲ್ಲಿ ಒದ್ದೆ ಗೋಣಿತಟ್ಟು ತೂಗುಬಿಡಬೇಕು. ಆದರೆ ಗಾಳಿ ಕಟ್ಟಬಾರದು. ತಂಪು ನೀರು ಹಗಲಿರುಳೂ ಇರಬೇಕು. ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ನೆರಳಿಗೊಯ್ದು, ಕಿವಿಗಳನ್ನು ತಣ್ಣೀರಿನಿಂದ ಒದ್ದೆ ಮಾಡಿ, ಪಶುವೈದ್ಯರಿಗೆ ತೋರಿಸಬೇಕು. ಮಂಜುಗಡ್ಡೆ ನೀರು ಹಾಕಬಾರದು.

ಸ್ವಚ್ಛತೆ

ತೇವದ ಹಿಕ್ಕೆಯಿಂದ ರಕ್ತಭೇದಿ ರೋಗ ಹರಡಿ ಮರಿಗಳು ಸಾಯುತ್ತವೆ. ಮೂತ್ರದ ಘಾಟು ಶ್ವಾಸಕೋಶಕ್ಕೆ ಕೆಡುಕು. ಜಾಲರಿಗೆ ಅಂಟಿದ ಹಿಕ್ಕೆಯನ್ನು ದಿನವೂ ಉಜ್ಜಿ ತೆಗೆಯಬೇಕು. ಕೆಳಗೆ ಬಿದ್ದುದನ್ನು ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ಅದರ ಸಹಜ ಜೀರ್ಣಕ್ರಮ. ಅದನ್ನು ರೋಗವೆಂದು ತಿಳಿಯಬಾರದು.

ಮೊಲ ತರುವ ಮುನ್ನ ಖಾಲಿ ಗೂಡನ್ನು ಪರೀಕ್ಷಿಸುವುದು ಒಳಿತು. ಬೇಸಿಗೆಯ ಮಧ್ಯಾಹ್ನ 2 ಗಂಟೆಗೆ ಒಳಗೆ ಉಷ್ಣಮಾಪಕ ಇಟ್ಟು ನೋಡಬೇಕು. 30 ಡಿಗ್ರಿ ಮೀರಿದರೆ ನೆರಳು ಸಾಲದೆಂದು ಅರ್ಥ. ಒಂದು ದೊಡ್ಡ ಮಳೆಯ ನಂತರ ಒಳಗಿನ ಹಲಗೆ ಮುಟ್ಟಿ ನೋಡಬೇಕು. ಅದು ಒಣಗಿಯೇ ಇದ್ದರೆ ಮಾತ್ರ ಮೊಲಗಳನ್ನು ತಂದು ಬಿಡಬಹುದು.